ಮೇಣದ ಹಡಗುಗಳ ವಿಲಿಯಂ ಫ್ರೂಡ್

1870ನೆಯ ಸೆಪ್ಟೆಂಬರ್ 7ರಂದು, ನಡುರಾತ್ರಿ ಕಳೆದ ಸ್ವಲ್ಪ ಹೊತ್ತಿಗೆ, ಸ್ಪೇನಿನ ಫಿನಿಸ್ಟೆರ್ ಭೂಶಿರದಾಚೆ ಬ್ರಿಟಿಷ್ ನೌಕಾಬಲದ ಹೊಚ್ಚಹೊಸ ಯುದ್ಧನೌಕೆ 'ಕ್ಯಾಪ್ಟನ್' ಬಿರುಗಾಳಿಗೆ ಸಿಕ್ಕಿ ಮಗುಚಿಕೊಂಡಿತು. ಸುಮಾರು 480 ಮಂದಿ ನೀರುಪಾಲಾದರು. ಬದುಕಿ ದಡ ಸೇರಿದವರು 18 ಮಂದಿ. ಸತ್ತವರಲ್ಲಿ ಆ ಹಡಗನ್ನು ಕಲ್ಪಿಸಿದ ಕೌಪರ್ ಕೋಲ್ಸನೂ ಇದ್ದನು, ನೌಕಾಖಾತೆಯ ಮಂತ್ರಿ ಚಿಲ್ಡರ್ಸನ ಮಗನೂ ಇದ್ದನು. ನೀರಿನ ಮೇಲೆ 8 ಅಡಿ ಎತ್ತರಕ್ಕೆ ನಿಲ್ಲಬೇಕಾಗಿದ್ದ ಅದರ ಅಂಚು, ಕಟ್ಟುವಾಗ ಭಾರ ಮಿತಿಮೀರಿದ್ದರಿಂದ, ಆರೂವರೆ ಅಡಿಯ ಆಸುಪಾಸಿಗೆ ಇಳಿದಿತ್ತು. ಖಾತೆಯ ಮುಖ್ಯ ವಿನ್ಯಾಸಕಾರ ಎಡ್ವರ್ಡ್ ರೀಡನು ಮೊದಲೇ ಎಚ್ಚರಿಸಿದ್ದನು. ಪತ್ರಿಕೆಗಳೂ ಪಾರ್ಲಿಮೆಂಟೂ ಕೋಲ್ಸನ ಪಕ್ಷ ವಹಿಸಿದ್ದಾಗ ಆ ಎಚ್ಚರಿಕೆಗೆ ಬೆಲೆ ಬರಲಿಲ್ಲ.

ಕಬ್ಬಿಣದ ತಗಡನ್ನು ಕತ್ತರಿಸುವ ಮೊದಲು ನೀರನ್ನೇ ಕೇಳಿ ನೋಡಬೇಕೆಂದು ಹಟ ಹಿಡಿದ ಗೃಹಸ್ಥನೊಬ್ಬನು ಅದೇ ಕಾಲದಲ್ಲಿ ಇಂಗ್ಲೆಂಡಿನ ಟಾರ್ಕಿ ಎಂಬ ಊರಿನಲ್ಲಿದ್ದನು. ಆತನೇ ವಿಲಿಯಂ ಫ್ರೂಡ್.

ಫ್ರೂಡನು 1810ರಲ್ಲಿ ಡೆವನ್ ಪ್ರಾಂತದ ಡಾರ್ಟಿಂಗ್ಟನ್ನಿನಲ್ಲಿ ಪಾದ್ರಿಯ ಮಗನಾಗಿ ಹುಟ್ಟಿದನು. ಆ ಮನೆತನದ ಹೆಸರು ನಮ್ಮ ಸಾಹಿತ್ಯದ ವಿದ್ಯಾರ್ಥಿಗಳಿಗೆ ಬೇರೆ ದಾರಿಯಿಂದ ಪರಿಚಿತವಾದುದು. ಅಣ್ಣ ಹರೆಲ್ ಫ್ರೂಡ್ ಆಕ್ಸ್‌ಫರ್ಡ್ ಧಾರ್ಮಿಕ ಚಳವಳಿಯಲ್ಲಿ ನ್ಯೂಮನ್ನನ ಒಡನಾಡಿ; ತಮ್ಮ ಜೇಮ್ಸ್ ಆಂಟನಿ ಫ್ರೂಡ್ ಇತಿಹಾಸಕಾರ, ಕಾರ್ಲೈಲನ ಜೀವನಚರಿತ್ರೆ ಬರೆದವನು. ನಡುವಿನ ವಿಲಿಯಂ ಗಣಿತ ಓದಿ ಎಂಜಿನಿಯರಾದನು. ಬ್ರೂನೆಲನ ಕೈಕೆಳಗೆ ಬ್ರಿಸ್ಟಲ್-ಎಕ್ಸಿಟರ್ ರೈಲುದಾರಿಯಲ್ಲಿ ದುಡಿದನು. ಆಮೇಲೆ ವೃದ್ಧ ತಂದೆಯ ಆರೈಕೆಗೆಂದು ನೌಕರಿ ಬಿಟ್ಟು ಊರಿಗೆ ಮರಳಿದನು. ತನ್ನ ಭಾರೀ ಹಡಗು 'ಗ್ರೇಟ್ ಈಸ್ಟರ್ನ್' ಅಲೆಗಳಲ್ಲಿ ಹೇಗೆ ಹೊಯ್ದಾಡೀತೆಂದು ಬ್ರೂನೆಲನು ಕೇಳಿದ್ದೇ ಫ್ರೂಡನನ್ನು ಸಮುದ್ರದ ಕಡೆಗೆ ತಿರುಗಿಸಿತು. 1861ರಲ್ಲಿ ಹಡಗಿನ ಹೊಯ್ದಾಟವನ್ನು ಕುರಿತು ಆತ ಓದಿದ ಪ್ರಬಂಧ ಆ ಶಾಸ್ತ್ರಕ್ಕೆ ತಳಪಾಯವಾಯಿತು.

ಆದರೆ ನಾವು ಆತನನ್ನು ನೆನೆಯಬೇಕಾದುದು ಇನ್ನೊಂದು ಪ್ರಶ್ನೆಗಾಗಿ. ಒಂದು ಹಡಗನ್ನು ಬೇಕಾದ ವೇಗದಲ್ಲಿ ನಡೆಸಲು ಎಷ್ಟು ಬಲ ಬೇಕು? ಅದನ್ನು ಕಟ್ಟಿ ಮುಗಿಸಿ, ಕಡಲಿಗಿಳಿಸಿ, ಓಡಿಸಿ ನೋಡುವ ತನಕ ಅಂದು ಯಾರಿಗೂ ನಿಶ್ಚಯವಾಗಿ ಗೊತ್ತಾಗುತ್ತಿರಲಿಲ್ಲ. ಚಿಕ್ಕ ಮಾದರಿಗಳನ್ನು ಹಿಂದಿನವರೂ ನೀರಿನಲ್ಲಿ ಎಳೆದು ನೋಡಿದ್ದುಂಟು. ಅವುಗಳ ಫಲ ದೊಡ್ಡ ಹಡಗಿಗೆ ಹೊಂದುತ್ತಿರಲಿಲ್ಲ. 'ಗ್ರೇಟ್ ಈಸ್ಟರ್ನ್' ಕಟ್ಟಿದ ಸ್ಕಾಟ್ ರಸೆಲನಂತಹ ಅನುಭವಿಯೇ ಮಾದರಿಗಳನ್ನು ಅಂದವಾದ ಆಟವೆಂದು ತಳ್ಳಿಹಾಕಿದ್ದನು. ಪೂರ್ಣಗಾತ್ರದ ಹಡಗುಗಳನ್ನೇ ಎಳೆದು ನೋಡಬೇಕೆಂದು ವಿದ್ವಾಂಸರ ಸಮಿತಿಯೊಂದು ಶಿಫಾರಸು ಮಾಡಿದಾಗ, ಸದಸ್ಯನಾಗಿದ್ದ ಫ್ರೂಡನು ಭಿನ್ನಮತ ಬರೆದಿಟ್ಟನು.

ಆತನ ತರ್ಕ ಹೀಗಿತ್ತು. ನೀರು ಹಡಗನ್ನು ತಡೆಯುವುದು ಎರಡು ಬಗೆಯಲ್ಲಿ: ಒಡಲಿಗೆ ಉಜ್ಜಿಕೊಂಡು ಹರಿಯುವ ಘರ್ಷಣೆಯಿಂದ, ಮತ್ತು ಹಡಗು ಎಬ್ಬಿಸುವ ಅಲೆಗಳಿಂದ. ಇವೆರಡರ ನಿಯಮ ಒಂದೇ ಅಲ್ಲ. ಘರ್ಷಣೆಯನ್ನು ನೀರಿನಲ್ಲಿ ಹಲಗೆಗಳನ್ನು ಎಳೆದು ಬೇರೆಯಾಗಿ ಅಳೆದುಕೊಳ್ಳಬಹುದು. ಅಲೆಗಳ ವಿಷಯದಲ್ಲಿ ಮಾತ್ರ ಮಾದರಿಯ ವೇಗವನ್ನು ಉದ್ದದ ವರ್ಗಮೂಲಕ್ಕೆ ತಕ್ಕಂತೆ ಇಳಿಸಬೇಕು. ಮಾದರಿ ಹಡಗಿನ ಹದಿನಾರನೆಯ ಒಂದು ಪಾಲಾದರೆ ವೇಗ ನಾಲ್ಕನೆಯ ಒಂದು ಪಾಲು. 12 ನಾಟ್ ವೇಗದ ಹಡಗಿಗೆ 3 ನಾಟ್ ವೇಗದ ಮಾದರಿ. ಆಗ ಎರಡೂ ಎಬ್ಬಿಸುವ ಅಲೆಗಳ ಆಕಾರ ಒಂದೇ ಆಗುತ್ತದೆ. ಅಲೆಯಿಂದಾಗುವ ತಡೆಯನ್ನು 4096ರಿಂದ ಗುಣಿಸಿದರೆ ದೊಡ್ಡ ಹಡಗಿನ ತಡೆ ದೊರೆಯುತ್ತದೆ. ಹಿಂದಿನವರು ಎಡವಿದ್ದು ಮಾದರಿ ಚಿಕ್ಕದೆಂಬುದರಿಂದಲ್ಲ, ಅದನ್ನು ಯಾವ ವೇಗದಲ್ಲಿ ಓಡಿಸಬೇಕೆಂದು ತಿಳಿಯದೆ.

ರೀಡನ ಬೆಂಬಲದಿಂದ 1870ರಲ್ಲಿ ನೌಕಾಖಾತೆ 2000 ಪೌಂಡು ಮಂಜೂರು ಮಾಡಿತು. ಫ್ರೂಡನು ಸಂಬಳ ಬೇಡವೆಂದನು. ಮನೆಯ ಹತ್ತಿರವೇ 278 ಅಡಿ ಉದ್ದದ ನೀರಿನ ತೊಟ್ಟಿ ಸಿದ್ಧವಾಯಿತು. ಅದರ ಮೇಲೆ ಹಳಿ, ಹಳಿಯ ಮೇಲೆ ಗಾಡಿ, ಗಾಡಿಯ ಕೆಳಗೆ ಪ್ಯಾರಫಿನ್ ಮೇಣದಲ್ಲಿ ಎರಕ ಹೊಯ್ದು ಕೆತ್ತಿದ ಪುಟ್ಟ ಹಡಗು. ಮೇಣವಾದುದರಿಂದ ಬೇಡವೆನಿಸಿದ ಆಕಾರವನ್ನು ಹೆರೆಯಬಹುದು, ಇಲ್ಲವೆ ಕರಗಿಸಿ ಮತ್ತೊಂದನ್ನು ಎರೆಯಬಹುದು. 1872ರಲ್ಲಿ ಇಲ್ಲಿ ಪ್ರಯೋಗಗಳು ಮೊದಲಾದವು. ಅದಕ್ಕೆ ಹಿಂದಿನ ವರ್ಷ 'ಗ್ರೇಹೌಂಡ್' ಎಂಬ ನಿಜವಾದ ಯುದ್ಧನೌಕೆಯನ್ನು 'ಆಕ್ಟಿವ್' ಎಂಬ ಇನ್ನೊಂದು ನೌಕೆಯಿಂದ ಎಳೆಸಿ ತಡೆಯನ್ನು ಅಳೆದಿದ್ದರು. ಮುಂದಿನ ನೌಕೆ ಕದಡಿದ ನೀರಿಗೆ ಹಿಂದಿನದು ಸಿಕ್ಕದಂತೆ, ಪಕ್ಕಕ್ಕೆ ಚಾಚಿದ ತೊಲೆಯಿಂದ ಹಗ್ಗ ಬಿಗಿಯಲಾಗಿತ್ತು. ಮೇಣದ ಗ್ರೇಹೌಂಡ್ ಹೇಳಿದ್ದಕ್ಕೂ ಕಬ್ಬಿಣದ ಸರಪಳಿಗಳ ನಡುವೆ ಬೆಳೆದ ನಾವಿಕರು ಕಡಲಿನಲ್ಲಿ ಕಂಡದ್ದಕ್ಕೂ ತಾಳೆಯಾಯಿತು. ಆಕ್ಷೇಪಿಸಿದವರ ಬಾಯಿ ಕಟ್ಟಿತು.

'ಕ್ಯಾಪ್ಟನ್' ದುರಂತದ ಬಳಿಕ ಯುದ್ಧನೌಕೆಗಳ ವಿನ್ಯಾಸವನ್ನು ಪರಿಶೀಲಿಸಲು ನೇಮಿಸಿದ ಸಮಿತಿಯಲ್ಲೂ ಫ್ರೂಡನಿದ್ದನು. ಮುಂದೆ ಭಾರತದ ವೈಸರಾಯನಾದ ಡಫರಿನ್ನನೇ ಅದರ ಅಧ್ಯಕ್ಷ.

ಆತನ ಮನೆಯೊಳಗೂ ಒಂದು ಬಿರುಗಾಳಿ ಬೀಸಿತ್ತು. ನ್ಯೂಮನ್ನನ ಪ್ರಭಾವದಿಂದ ಹೆಂಡತಿಯೂ ಮಕ್ಕಳಲ್ಲಿ ಹೆಚ್ಚಿನವರೂ ರೋಮನ್ ಕ್ಯಾಥಲಿಕರಾದರು. ಯಾವ ನಿರ್ಣಯವೂ ಸಂಶಯಕ್ಕೆ ಹೊರತಲ್ಲವೆಂಬುದು ಫ್ರೂಡನ ನಿಲುವು. ಆತ ಹೊರಗೇ ಉಳಿದನು. ಆದರೂ ನ್ಯೂಮನ್ನನೊಡನೆ ಸ್ನೇಹ ಕಡಿಯಲಿಲ್ಲ, ಪತ್ರವ್ಯವಹಾರ ನಿಲ್ಲಲಿಲ್ಲ. ದೊಡ್ಡವರ ಮಾತಿಗಿಂತ ತೊಟ್ಟಿಯ ಅಳತೆಯನ್ನು ನಂಬಿದ ಬುದ್ಧಿಯೂ ಇದೇ ಎಂದು ನನಗೆ ತೋರುತ್ತದೆ.

1878ರಲ್ಲಿ ಹೆಂಡತಿ ತೀರಿಕೊಂಡಳು. ದಣಿದ ಫ್ರೂಡನು ನೌಕಾಬಲದ ಅತಿಥಿಯಾಗಿ 'ಬೋಡಿಸಿಯಾ' ಹಡಗಿನಲ್ಲಿ ದಕ್ಷಿಣ ಆಫ್ರಿಕಕ್ಕೆ ಹೋದನು. ಅಲ್ಲಿ ಆಮಶಂಕೆ ತಗುಲಿ 1879ರ ಮೇ 4ರಂದು ಸೈಮನ್ಸ್‌ಟೌನಿನಲ್ಲಿ ಕಣ್ಣುಮುಚ್ಚಿದನು. ಸೈನಿಕನಲ್ಲದ ಆತನನ್ನು ನೌಕಾಬಲ ಪೂರ್ಣ ಮರ್ಯಾದೆಯೊಡನೆ ಅಲ್ಲಿಯೇ ಮಣ್ಣುಮಾಡಿತು. ಟಾರ್ಕಿಯ ತೊಟ್ಟಿಯ ಕೆಲಸವನ್ನು ಮಗ ರಾಬರ್ಟ್ ಎಡ್ಮಂಡ್ ವಹಿಸಿಕೊಂಡನು. 1886ರಲ್ಲಿ ಅದು ಹ್ಯಾಸ್ಲರಿನ ಹೊಸ ತೊಟ್ಟಿಗೆ ಸ್ಥಳಾಂತರವಾಯಿತು.