ಶಾಸನಪಂಡಿತ ಡಾಕ್ಟರ್ ಫ್ಲೀಟರು

ಕಾಲಪುರುಷನು ಅರಸರ ಅರಮನೆಗಳನ್ನು ಅಳಿಸಿದನು. ಅವರು ದೇವರಿಗೆ ಬಿಟ್ಟ ದತ್ತಿಯನ್ನು ಸಾರುವ ಕಲ್ಲುಗಳನ್ನು ಉಳಿಸಿದನು. ಗುಡಿಯ ಅಂಗಳದಲ್ಲಿಯೂ ಕೆರೆಯ ಏರಿಯಲ್ಲಿಯೂ ನಿಂತ ಈ ಶಾಸನಗಳ ಹಳಗನ್ನಡ ಲಿಪಿಯನ್ನು ಓದಬಲ್ಲವರು ಒಂದು ಕಾಲದಲ್ಲಿ ಅತಿ ವಿರಳರಾಗಿದ್ದರು. ಅವುಗಳನ್ನು ಓದಿ, ಪ್ರಾಚೀನ ಭಾರತದ ಚರಿತ್ರೆಗೆ ಸಾಕ್ಷಿಗಳನ್ನಾಗಿ ನಿಲ್ಲಿಸಿದ ಮಹನೀಯರಲ್ಲಿ ಜಾನ್ ಫೇತ್‌ಫುಲ್ ಫ್ಲೀಟರು ಅಗ್ರಗಣ್ಯರು.

1847ರಲ್ಲಿ ಜನಿಸಿದ ಫ್ಲೀಟರು ಲಂಡನ್ ನಗರದಲ್ಲಿ ಗೋಲ್ಡ್‌ಸ್ಟಕರ್ ಎಂಬ ವಿದ್ವಾಂಸರ ಬಳಿ ಸಂಸ್ಕೃತವನ್ನು ಅಭ್ಯಸಿಸಿ, 1867ರಲ್ಲಿ ಮುಂಬಯಿ ಪ್ರಾಂತದ ಅಧಿಕಾರಿಗಳಾಗಿ ಈ ದೇಶಕ್ಕೆ ಬಂದರು. ಕನ್ನಡ ಜಿಲ್ಲೆಗಳ ಸಂಬಂಧವು ಅವರನ್ನು ಕನ್ನಡಕ್ಕೆ ಒಲಿಸಿತು. ಸರಕಾರದ ಕೆಲಸದ ನಡುವೆಯೇ ಅವರು ಶಿಲಾಲಿಪಿ ತಾಮ್ರಪಟಗಳನ್ನು ಶೋಧಿಸಿದರು. ಜನರ ಬಾಯಲ್ಲಿದ್ದ ಲಾವಣಿಗಳನ್ನೂ ಸಂಗ್ರಹಿಸಿ ಅಚ್ಚು ಮಾಡಿಸಿದರು. ಐಹೊಳೆಯ ಮೇಗುಟಿಯಲ್ಲಿರುವ ರವಿಕೀರ್ತಿಯ ಶಾಸನವನ್ನು ಅವರು ಪರಿಷ್ಕರಿಸಿ ಪ್ರಕಟಿಸಿದರು. ಶಕವರ್ಷ 556ರ ಆ ಲೇಖದಲ್ಲಿ ಕಾಳಿದಾಸ ಭಾರವಿಗಳ ಹೆಸರಿರುವುದರಿಂದ, ಆ ಕವಿಗಳು ಕ್ರಿ.ಶ. 634ಕ್ಕೆ ಈಚಿನವರಾಗಲಾರರೆಂಬುದು ಸ್ಥಿರವಾಯಿತು.

1883ರಲ್ಲಿ ಭಾರತ ಸರಕಾರವು ಅವರನ್ನು ಶಾಸನತಜ್ಞರನ್ನಾಗಿ ನಿಯಮಿಸಿತು. ಆಗ ವಿದ್ವಾಂಸರನ್ನು ಕಾಡುತ್ತಿದ್ದ ದೊಡ್ಡ ತೊಡಕೆಂದರೆ ಗುಪ್ತ ಶಕೆಯದು. ಗುಪ್ತರ ಶಾಸನಗಳಲ್ಲಿ ವರ್ಷಸಂಖ್ಯೆಗಳಿದ್ದುವು; ಆ ಎಣಿಕೆ ಎಂದು ಮೊದಲಾಯಿತೆಂಬುದರಲ್ಲಿ ಒಮ್ಮತವಿರಲಿಲ್ಲ. ಮಾಳವ ದೇಶದ ಮಂದಸೋರಿನ ಶಿಲಾಲೇಖವು ಈ ಗಂಟನ್ನು ಬಿಡಿಸಿತು. ರೇಷ್ಮೆ ನೇಯುವವರ ಸಂಘವೊಂದು ಕಟ್ಟಿಸಿದ ಸೂರ್ಯದೇವಾಲಯದ ಆ ಲೇಖದಲ್ಲಿ ಕುಮಾರಗುಪ್ತನ ಆಳಿಕೆಯೂ ಮಾಳವವರ್ಷ 493 ಎಂಬ ಕಾಲವೂ ಜೊತೆಯಾಗಿ ಉಕ್ತವಾಗಿವೆ. ಮಾಳವಶಕೆಯೇ ವಿಕ್ರಮಶಕೆಯಾದುದರಿಂದ ಅದು ಕ್ರಿ.ಶ. 436 ಆಯಿತು. ಅದೇ ಅರಸನ ಬೇರೆ ಲೇಖಗಳು ಗುಪ್ತವರ್ಷ 96ರಿಂದ 129ರ ವರೆಗೆ ದೊರೆತಿದ್ದುವು. ಇವಕ್ಕೆ 319 ಕೂಡಿಸಲು ಅವನ ಆಳಿಕೆ 415ರಿಂದ 448ರ ವರೆಗೆ ಬರುತ್ತದೆ. 436 ಅದರೊಳಗೇ ಬೀಳುತ್ತದೆ. ತಿಥಿವಾರಗಳ ಗಣಿತದಲ್ಲಿ ಶಂಕರ ಬಾಳಕೃಷ್ಣ ದೀಕ್ಷಿತರೆಂಬ ಜ್ಯೋತಿಷಪಂಡಿತರು ಅವರಿಗೆ ನೆರವಾದರು. 1888ರಲ್ಲಿ ಪ್ರಕಟವಾದ ಗುಪ್ತಶಾಸನಗಳ ಸಂಪುಟವು ಈ ಪರಿಶ್ರಮದ ಫಲ.

ಶಾಸನವೆಂದ ಮಾತ್ರಕ್ಕೆ ಫ್ಲೀಟರು ನಂಬುವವರಲ್ಲ. ಭೂಮಿಯಾಸೆಯಿಂದ ಹುಟ್ಟಿಸಿದ ಕೂಟತಾಮ್ರಪಟಗಳನ್ನು ಅಕ್ಷರದ ರೂಪದಿಂದಲೂ ಕಾಲಗಣನೆಯಿಂದಲೂ ಒರೆಗೆ ಹಚ್ಚಿ ಬೇರ್ಪಡಿಸಿದರು.

ಶರಣಸಮುದಾಯಕ್ಕೆ ಅವರ ಹೆಸರು ವಿಶೇಷವಾಗಿ ಸ್ಮರಣೀಯವಾದುದು ಅಬ್ಬಲೂರಿನ ಶಾಸನಗಳಿಂದ. ಈಗ ಹಾವೇರಿ ಜಿಲ್ಲೆಗೆ ಸೇರಿದ ಆ ಊರಿನ ಸೋಮೇಶ್ವರ ದೇವಾಲಯದಲ್ಲಿ, ಶಿರವನ್ನೇ ಶಿವನಿಗರ್ಪಿಸಿ ಏಳು ದಿನಗಳ ಮೇಲೆ ಮರಳಿ ಪಡೆದ ಏಕಾಂತದ ರಾಮಯ್ಯಗಳ ಚರಿತವೂ, ಬಿಜ್ಜಳರಾಯನು ಅವರಿಗೆ ಜಯಪತ್ರವಿತ್ತ ಸಂಗತಿಯೂ ಶಿಲೆಯಲ್ಲಿ ಕಂಡರಿಸಲ್ಪಟ್ಟಿವೆ. ಪುರಾಣದಲ್ಲಿ ಕೇಳಿದ ಶರಣರನ್ನು ಕಲ್ಲಿನಲ್ಲಿ ಕಾಣುವ ಭಾಗ್ಯವನ್ನು ಫ್ಲೀಟರು ಒದಗಿಸಿಕೊಟ್ಟರು.

ಆದರೆ ಆ ಪ್ರಾಜ್ಞರೂ ಇಲ್ಲಿ ಒಂದು ಹೆಜ್ಜೆ ಮುಂದಿಟ್ಟರು. ತಾವು ಕಂಡ ಶಾಸನಗಳಲ್ಲಿ ಬಸವಣ್ಣನವರ ಕಾರ್ಯವು ಸ್ಪಷ್ಟವಾಗಿ ಕಾಣದುದರಿಂದ ಬಸವಪುರಾಣದ ಕಥನವನ್ನು ಸಂಶಯಿಸಿ, ಧರ್ಮೋತ್ಥಾನದ ಹಿರಿಮೆಯನ್ನು ರಾಮಯ್ಯಗಳ ಕಡೆಗೆ ತಿರುಗಿಸಿದರು. ಇದು ಭಕ್ತರ ಮನಸ್ಸನ್ನು ನೋಯಿಸತಕ್ಕ ಮಾತೇ ಸರಿ. ಅದಕ್ಕೆ ಉತ್ತರವಾದುದು ಇನ್ನೊಂದು ಕಲ್ಲು. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿರುವ ಶಕವರ್ಷ 1182ರ, ಅಂದರೆ ಕ್ರಿ.ಶ. 1260ರ ಶಾಸನವು, ಬಾಗವಾಡಿಯ ಮಾದಿರಾಜರ ಮಗನಾದ ಸಂಗನಬಸವನನ್ನು ಹೆಸರಿಸಿ ಅವರ ವಂಶವನ್ನು ಹೇಳುತ್ತದೆ. ಅದು ಪ್ರಕಟವಾಗುವ ಹೊತ್ತಿಗೆ ಫ್ಲೀಟರು ಇರಲಿಲ್ಲ.

1897ರಲ್ಲಿ ಅಧಿಕಾರದಿಂದ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರೂ ಶಾಸನವ್ಯಾಸಂಗವನ್ನು ಬಿಡದ ಅವರು 1917ರಲ್ಲಿ ಕಾಲವಶರಾದರು. ಶಿಲೆಯು ನುಡಿದುದು ಪ್ರಮಾಣ, ನುಡಿಯದಿರುವುದು ನಿರಾಕರಣೆಯಲ್ಲ. ಮೊದಲನೆಯದನ್ನು ಫ್ಲೀಟರ ಜೀವಮಾನದ ದುಡಿಮೆಯು ಕಲಿಸಿತು, ಎರಡನೆಯದನ್ನು ಅವರ ಒಂದು ತಪ್ಪು ಕಲಿಸಿತು. ಎರಡಕ್ಕೂ ಕೃತಜ್ಞರಾಗಿ, ತಮ್ಮೂರ ಗುಡಿಯಂಗಳದಲ್ಲಿ ಮಣ್ಣು ಮುಚ್ಚಿರುವ ಕಲ್ಲುಗಳನ್ನು ಕಾಪಾಡುವುದು ಸದ್ಭಕ್ತರೆಲ್ಲರ ಕರ್ತವ್ಯವಾಗಿದೆ.