ಯುದ್ಧಭೂಮಿಯಲ್ಲಿ ಮೇಡಂ ಕ್ಯೂರಿ

೧೮೨೪ರಲ್ಲಿ ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗಗಳ ವಿಷಯವನ್ನು ನಾವೆಲ್ಲರೂ ಇತಿಹಾಸದಲ್ಲಿ ಓದಿದ್ದೇವೆ. ಅಕ್ಟೋಬರಿನಲ್ಲಿ ಥ್ಯಾಕರೆ ಮಡಿದುದನ್ನೂ, ಡಿಸೆಂಬರಿನಲ್ಲಿ ಕೋಟೆ ಕೈಬಿಟ್ಟುದನ್ನೂ, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ೧೮೨೯ರಲ್ಲಿ ಕಣ್ಣುಮುಚ್ಚಿದುದನ್ನೂ ಬಲ್ಲೆವು. ಆದರೆ ಆ ಕಾಳಗಗಳಲ್ಲಿ ಗುಂಡೇಟು ತಿಂದವರ ಪಾಡೇನಾಯಿತೆಂದು ಯೋಚಿಸುವವರು ವಿರಳ. ಮೈಯೊಳಗೆ ಹೊಕ್ಕ ಗುಂಡು ಎಲ್ಲಿ ನಿಂತಿದೆಯೆಂಬುದನ್ನು ಕಾಣುವ ಉಪಾಯ ಅಂದು ಜಗತ್ತಿನ ಯಾವ ವೈದ್ಯನಿಗೂ ತಿಳಿದಿರಲಿಲ್ಲ. ಬೆರಳಿನಿಂದಲೋ ಸಲಾಕೆಯಿಂದಲೋ ಗಾಯವನ್ನು ಕೆದಕಿ ಹುಡುಕಬೇಕಾಗಿತ್ತು. ಆ ಹುಡುಕಾಟದಿಂದಲೇ ಗಾಯ ಕೀತು ಸಾಯುವವರೂ ಇದ್ದರು.

೧೮೯೫ರಲ್ಲಿ ಜರ್ಮನಿಯ ವಿಜ್ಞಾನಿ ರಾಂಟ್‌ಜನ್ ಕ್ಷ-ಕಿರಣಗಳನ್ನು ಕಂಡುಹಿಡಿದನು. ಇಂದು ಸವದತ್ತಿಯಲ್ಲಾಗಲಿ ರಾಮದುರ್ಗದಲ್ಲಾಗಲಿ ಚಕ್ಕಡಿಯಿಂದ ಬಿದ್ದು ಎಲುಬು ಮುರಿದುಕೊಂಡವನಿಗೆ ವೈದ್ಯರು ಮೊದಲು ಹೇಳುವ ಮಾತು ಎಕ್ಸ್-ರೇ ತೆಗೆಸಬೇಕೆಂಬುದೇ. ಆದರೆ ಯಂತ್ರವೊಂದು ನಿರ್ಮಾಣವಾದ ಮಾತ್ರಕ್ಕೆ ಅದು ರೋಗಿಯ ಮಂಚದ ಬಳಿಗೆ ತಾನಾಗಿ ಬರುವುದಿಲ್ಲ. ಅದನ್ನು ಅಲ್ಲಿಗೆ ಒಯ್ಯುವ ವ್ಯವಸ್ಥೆಯನ್ನು ಬಹು ದೊಡ್ಡ ಪ್ರಮಾಣದಲ್ಲಿ ಕಟ್ಟಿ ನಿಲ್ಲಿಸಿದವರಲ್ಲಿ ಅಗ್ರಗಣ್ಯಳು ಮೇಡಂ ಕ್ಯೂರಿ.

ಆಕೆ ಹುಟ್ಟಿದ್ದು ೧೮೬೭ರ ನವೆಂಬರ್ ೭ರಂದು, ಪೋಲೆಂಡಿನ ವಾರ್ಸಾ ನಗರದಲ್ಲಿ. ಆಗ ಆ ನಗರ ರಷ್ಯದ ಆಳ್ವಿಕೆಗೆ ಒಳಪಟ್ಟಿತ್ತು. ೧೮೯೧ರಲ್ಲಿ ಪ್ಯಾರಿಸಿಗೆ ಬಂದು, ಬಡತನದಲ್ಲಿಯೇ ಓದಿ, ಪಿಯರಿ ಕ್ಯೂರಿಯ ಕೈಹಿಡಿದಳು. ದಂಪತಿಗಳು ೧೮೯೮ರಲ್ಲಿ ಪೊಲೋನಿಯಂ ಮತ್ತು ರೇಡಿಯಂ ಧಾತುಗಳನ್ನು ಕಂಡುಹಿಡಿದರು. ೧೯೦೬ರಲ್ಲಿ ಪಿಯರಿ ಗಾಡಿಯ ಚಕ್ರಕ್ಕೆ ಸಿಕ್ಕಿ ಮಡಿದನು. ೧೯೦೩ರಲ್ಲಿ ಭೌತವಿಜ್ಞಾನಕ್ಕೂ ೧೯೧೧ರಲ್ಲಿ ರಸಾಯನವಿಜ್ಞಾನಕ್ಕೂ ಆಕೆಗೆ ನೊಬೆಲ್ ಪಾರಿತೋಷಕ ಸಂದಿತು. ಇವೆಲ್ಲ ಸುಪ್ರಸಿದ್ಧ ಸಂಗತಿಗಳು. ಆಕೆಯ ಬಾಳಿನ ಇನ್ನೊಂದು ಅಧ್ಯಾಯವನ್ನು ಬಲ್ಲವರು ಅಷ್ಟಾಗಿ ಇಲ್ಲ.

೧೯೧೪ರ ಆಗಸ್ಟಿನಲ್ಲಿ ಮೊದಲ ಮಹಾಯುದ್ಧ ಸಿಡಿಯಿತು. ವೈರಿಸೇನೆ ಪ್ಯಾರಿಸಿನತ್ತ ನುಗ್ಗುತ್ತಿದ್ದಾಗ ಮೇಡಂ ಕ್ಯೂರಿ ತನ್ನ ಬಳಿಯಿದ್ದ ಒಂದು ಗ್ರಾಂ ರೇಡಿಯಮ್ಮನ್ನು ಸೀಸದ ಪೆಟ್ಟಿಗೆಯಲ್ಲಿಟ್ಟುಕೊಂಡು ರೈಲಿನಲ್ಲಿ ಬೋರ್ಡೊ ನಗರಕ್ಕೆ ಒಯ್ದು ಭದ್ರಪಡಿಸಿದಳು. ಕೂಡಲೇ ಪ್ಯಾರಿಸಿಗೆ ಮರಳಿದಳು. ಪ್ರಯೋಗಾಲಯದ ತರುಣರೆಲ್ಲ ಸೇನೆಗೆ ಹೋಗಿದ್ದರು. ರಣರಂಗದ ಸಮೀಪದ ಆಸ್ಪತ್ರೆಗಳಲ್ಲಿ ಕ್ಷ-ಕಿರಣ ಯಂತ್ರಗಳು ಇಲ್ಲವೆನ್ನುವಷ್ಟು ಕಡಿಮೆ. ನೂರು ವರ್ಷಗಳ ಹಿಂದಿನಂತೆಯೇ ಶಸ್ತ್ರವೈದ್ಯರು ಕುರುಡಾಗಿ ಗುಂಡು ಹುಡುಕುತ್ತಿದ್ದರು.

ಆಕೆ ಮಾಡಿದ ಮೊದಲ ಕೆಲಸ ಲೆಕ್ಕ ಹಾಕಿದ್ದು. ವಿಶ್ವವಿದ್ಯಾಲಯಗಳಲ್ಲಿ, ಉಪಕರಣ ತಯಾರಕರ ಕೋಠಿಗಳಲ್ಲಿ ಬಳಕೆಯಿಲ್ಲದೆ ಬಿದ್ದಿದ್ದ ಯಂತ್ರಗಳನ್ನು ಪಟ್ಟಿಮಾಡಿ, ಒಟ್ಟುಗೂಡಿಸಿ, ಆಸ್ಪತ್ರೆಗಳಿಗೆ ಹಂಚಿದಳು. ಅವನ್ನು ನಡೆಸಲು ಅಧ್ಯಾಪಕರನ್ನೂ ಎಂಜಿನಿಯರುಗಳನ್ನೂ ಕಲೆಹಾಕಿದಳು. ಆದರೆ ವಿದ್ಯುಚ್ಛಕ್ತಿಯೇ ಇಲ್ಲದ ಆಸ್ಪತ್ರೆಗಳಲ್ಲಿ ಯಂತ್ರದಿಂದ ಏನು ಪ್ರಯೋಜನ? ಅದಕ್ಕೆ ಆಕೆ ಕಂಡ ಮಾರ್ಗ ಮೋಟಾರು ಗಾಡಿ. ಗಾಡಿಯಲ್ಲಿ ಯಂತ್ರದ ಜೊತೆಗೆ ಒಂದು ಡೈನಮೊ. ಗಾಡಿಯ ಎಂಜಿನ್ ತಿರುಗಿದರೆ ಡೈನಮೊ ತಿರುಗಿ ವಿದ್ಯುತ್ತು ಹುಟ್ಟುತ್ತಿತ್ತು. ಫ್ರಾನ್ಸಿನ ಮಹಿಳಾ ಸಂಘವೊಂದು ಮೊದಲ ಗಾಡಿಗೆ ಹಣವಿತ್ತಿತು. ಉಳಿದವಕ್ಕಾಗಿ ಆಕೆ ಸಿರಿವಂತರ ಮನೆಗಳಿಗೆ ಹೋಗಿ ಕಾರುಗಳನ್ನು ಬೇಡಿ ತಂದಳು. ಹೀಗೆ ಸಜ್ಜಾದ ಗಾಡಿಗಳು ಸುಮಾರು ಇಪ್ಪತ್ತು. ಸೈನಿಕರು ಅವುಗಳನ್ನು ಪುಟ್ಟ ಕ್ಯೂರಿಗಳೆಂದು ಕರೆದರು.

ಗಾಡಿ ಆಸ್ಪತ್ರೆಗೆ ಬಂದೊಡನೆ ಕೆಲಸ ಆರಂಭ. ಒಂದು ಕೋಣೆಯನ್ನು ಆರಿಸಿ ಕಿಟಕಿಗಳಿಗೆ ಕಪ್ಪು ಪರದೆ ಕಟ್ಟುವುದು. ಗಾಡಿಯಿಂದ ತಂತಿ ಎಳೆಯುವುದು. ಮೇಜು, ಕೊಳವೆ, ತೆರೆಗಳನ್ನು ಜೋಡಿಸುವುದು. ಗಾಜಿನ ಫಲಕಗಳನ್ನು ತೊಳೆಯಲು ಪಕ್ಕದಲ್ಲಿಯೇ ಕತ್ತಲೆಯ ಜಾಗ ಮಾಡುವುದು. ಅರ್ಧ ಗಂಟೆಯಲ್ಲಿ ಎಲ್ಲವೂ ಸಿದ್ಧ. ಬಳಿಕ ಶಸ್ತ್ರವೈದ್ಯನೊಡನೆ ಆಕೆ ಕತ್ತಲೆಯ ಕೋಣೆ ಸೇರುತ್ತಿದ್ದಳು. ಒಬ್ಬೊಬ್ಬರಾಗಿ ಗಾಯಾಳುಗಳು ಒಳಬರುತ್ತಿದ್ದರು. ಒಂದು ಚಿತ್ರದಿಂದ ಗುಂಡು ಇರುವುದು ತಿಳಿಯಬಹುದು, ಎಷ್ಟು ಆಳದಲ್ಲಿದೆಯೆಂಬುದು ತಿಳಿಯದು. ಆದುದರಿಂದ ಕೊಳವೆಯನ್ನು ಸ್ವಲ್ಪ ಸರಿಸಿ ಎರಡನೆಯ ಚಿತ್ರ ತೆಗೆದು, ನೆರಳು ಎಷ್ಟು ಸರಿಯಿತೆಂಬುದರಿಂದ ಆಳವನ್ನು ಗಣಿಸಬೇಕಾಗಿತ್ತು. ಕೆಲವು ವೈದ್ಯರಿಗೆ ಇದರಲ್ಲಿ ಮೊದಮೊದಲು ವಿಶ್ವಾಸವಿರಲಿಲ್ಲ. ಲೆಕ್ಕಕ್ಕೆ ಸರಿಯಾಗಿ ಗುಂಡು ಕೈಗೆ ಸಿಕ್ಕ ಮೇಲೆ ಅವರೂ ಮನಸ್ಸು ಬದಲಿಸಿದರು.

ಈ ಕೆಲಸಕ್ಕಾಗಿ ಆಕೆ ಐವತ್ತರ ಸಮೀಪದಲ್ಲಿ ಶರೀರರಚನೆಯನ್ನು ಓದಿದಳು. ೧೯೧೬ರಲ್ಲಿ ಗಾಡಿ ನಡೆಸುವ ಪರವಾನಿಗೆ ಪಡೆದಳು. ಚಕ್ರ ಬಿಚ್ಚುವುದು, ಎಂಜಿನ್ನಿನ ಕೊಳೆ ತೆಗೆಯುವುದು ಎಲ್ಲವನ್ನೂ ಕಲಿತಳು. ಎರಡು ನೊಬೆಲ್ ಪಡೆದವಳು ರಸ್ತೆಯಂಚಿನಲ್ಲಿ ಕೂತು ಗಾಡಿ ರಿಪೇರಿ ಮಾಡುವ ದೃಶ್ಯವನ್ನು ಊಹಿಸಿಕೊಳ್ಳಿ! ಹದಿನೇಳು ವರ್ಷದ ಮಗಳು ಐರೀನಳೂ ತಾಯಿಯ ಜೊತೆಗೂಡಿದಳು. ಮುಂದಿನ ವರ್ಷವೇ ಆ ಹುಡುಗಿ ರಣರಂಗದ ಹತ್ತಿರದ ಆಸ್ಪತ್ರೆಯಲ್ಲಿ ಒಬ್ಬಳೇ ಕ್ಷ-ಕಿರಣದ ಹೊಣೆ ಹೊತ್ತಳು.

ಗಾಡಿ ಹೊರಟುಹೋದ ಮೇಲೆ ಆಸ್ಪತ್ರೆ ಮತ್ತೆ ಕುರುಡಾಗಬಾರದಲ್ಲವೇ? ಆದ್ದರಿಂದ ಸುಮಾರು ಇನ್ನೂರು ಆಸ್ಪತ್ರೆಗಳಲ್ಲಿ ಆಕೆ ಸ್ಥಿರವಾದ ಕ್ಷ-ಕಿರಣ ಕೋಣೆಗಳನ್ನು ಏರ್ಪಡಿಸಿದಳು. ಕೋಣೆಗಳಾದರೆ ಸಾಲದು, ಕೈಗಳೂ ಬೇಕು. ೧೯೧೬ರಿಂದ ಪ್ಯಾರಿಸಿನ ರೇಡಿಯಂ ಸಂಸ್ಥೆಯಲ್ಲಿ ಹೆಣ್ಣುಮಕ್ಕಳಿಗಾಗಿ ತರಗತಿಗಳು ಮೊದಲಾದವು. ವಿದ್ಯುತ್ತು, ಶರೀರರಚನೆ, ಚಿತ್ರ ತೊಳೆಯುವ ಬಗೆ ಇವನ್ನು ಕಲಿತು ಸುಮಾರು ನೂರೈವತ್ತು ಮಂದಿ ಹೊರಬಂದರು. ಅವರಲ್ಲಿ ಹೆಚ್ಚು ಓದದವರೂ ಇದ್ದರು. ನನಗೆ ಗಾಡಿಗಳಿಗಿಂತ ಈ ತರಗತಿಯೇ ದೊಡ್ಡದಾಗಿ ಕಾಣುತ್ತದೆ. ಈ ಏರ್ಪಾಟಿನಿಂದ ಪರೀಕ್ಷೆಗೊಳಗಾದ ಗಾಯಾಳುಗಳು ಹತ್ತು ಲಕ್ಷಕ್ಕೂ ಅಧಿಕವೆಂದು ಅಂದಾಜು.

ಆದರೆ ಈ ವ್ಯವಸ್ಥೆಯಲ್ಲಿ ಒಂದು ಕೊರತೆ ಉಳಿದಿತ್ತು. ಕಿರಣಗಳು ರೋಗಿಯ ಮೈಯನ್ನು ಹೊಕ್ಕಂತೆ ಯಂತ್ರ ನಡೆಸುವವರ ಮೈಯನ್ನೂ ಹೊಗುತ್ತವೆ. ಅಂದಿನ ಕೈಗವಸುಗಳೂ ಲೋಹದ ಫಲಕಗಳೂ ಅವನ್ನು ತಡೆಯಲು ಸಾಲವು. ಇಂದಿನ ಕ್ಷ-ಕಿರಣ ಕೋಣೆಯ ದಪ್ಪ ಗೋಡೆ, ಸೀಸದ ಏಪ್ರನ್, ನೌಕರರು ಎದೆಗೆ ಸಿಕ್ಕಿಸಿಕೊಳ್ಳುವ ಅಳತೆಯ ಬಿಲ್ಲೆ ಇವೊಂದೂ ಆಗ ರೂಢಿಯಲ್ಲಿರಲಿಲ್ಲ. ೧೯೩೪ರ ಜುಲೈ ೪ರಂದು ಮೇಡಂ ಕ್ಯೂರಿ ರಕ್ತಹೀನತೆಯ ಒಂದು ತೀವ್ರ ರೋಗದಿಂದ ತೀರಿಕೊಂಡಳು. ೧೯೯೫ರಲ್ಲಿ ಆಕೆಯ ಶವಪೆಟ್ಟಿಗೆಯನ್ನು ಪ್ಯಾರಿಸಿನ ಪ್ಯಾಂಥಿಯನ್ ಭವನಕ್ಕೆ ಸಾಗಿಸುವಾಗ ಪರೀಕ್ಷಿಸಿದ ತಜ್ಞರು, ಆಕೆಯ ರೋಗಕ್ಕೆ ರೇಡಿಯಮ್ಮಿಗಿಂತ ಯುದ್ಧಕಾಲದ ಕ್ಷ-ಕಿರಣಗಳೇ ಕಾರಣವಾಗಿರಬಹುದೆಂದು ಅಭಿಪ್ರಾಯಪಟ್ಟರು. ಕತ್ತಲೆಯ ಕೋಣೆಯಲ್ಲಿ ತಾಯಿಯ ಪಕ್ಕದಲ್ಲಿ ನಿಂತಿದ್ದ ಐರೀನ್ ೧೯೩೫ರಲ್ಲಿ ಪತಿಯೊಡನೆ ನೊಬೆಲ್ ಪಾರಿತೋಷಕ ಪಡೆದಳು. ೧೯೫೬ರಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು.