ಊರನ್ನು ನಡೆದು ಕಂಡ ಪ್ಯಾಟ್ರಿಕ್ ಗೆಡ್ಡೀಸರು

ನಮ್ಮಲ್ಲಿ ಬಹುಮಂದಿ ಈ ಮುಂಬಯಿಯನ್ನು ಕಂಡಿರುವುದು ರೈಲಿನ ಕಿಟಕಿಯಿಂದ. ಮನೆಯಿಂದ ಶಾಲೆ, ಶಾಲೆಯಿಂದ ಮನೆ. ಹಬ್ಬ ಬಂದರೆ ನೆಂಟರ ಮನೆ. ಪಕ್ಕದ ಚಾಳಿನಲ್ಲಿರುವವರ ಹೆಸರನ್ನೂ ನಾವು ಅರಿಯೆವು. ಇಂತಹ ನಾವು, ನೂರು ವರ್ಷಗಳ ಹಿಂದೆ ಇದೇ ನಗರದ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಸರ್ ಪ್ಯಾಟ್ರಿಕ್ ಗೆಡ್ಡೀಸರ ಚರಿತ್ರೆಯನ್ನು ತಿಳಿಯುವುದು ಉಚಿತವಾಗಿದೆ.

ಗೆಡ್ಡೀಸರು ಸ್ಕಾಟ್ಲೆಂಡಿನಲ್ಲಿ 1854 ರ ಅಕ್ಟೋಬರ್ 2 ರಂದು ಜನಿಸಿದರು. ಜೀವಶಾಸ್ತ್ರವನ್ನು ಹಕ್ಸ್ಲಿ ಮಹಾಶಯರಲ್ಲಿ ಕಲಿತರು. 1879 ರಲ್ಲಿ ಮೆಕ್ಸಿಕೊ ದೇಶಕ್ಕೆ ಹೋಗಿದ್ದಾಗ ಅವರ ದೃಷ್ಟಿ ಕುಂದಿ, ವಾರಗಟ್ಟಲೆ ಕತ್ತಲೆಯ ಕೋಣೆಯಲ್ಲಿ ಕುಳಿತಿರಬೇಕಾಯಿತು. ದೃಷ್ಟಿ ಮರಳಿತಾದರೂ ಸೂಕ್ಷ್ಮದರ್ಶಕದ ಕೆಲಸಕ್ಕೆ ಕಣ್ಣುಗಳು ಮೊದಲಿನಂತೆ ಒದಗಲಿಲ್ಲ. ಸಣ್ಣ ಕೋಶಗಳನ್ನು ಬಿಟ್ಟು ಅವರು ದೊಡ್ಡ ಊರುಗಳತ್ತ ತಿರುಗಿದರು.

ಎಡಿನ್ಬರೊ ನಗರದ ಹಳೆಯ ಪೇಟೆ ಆಗ ಬಡವರ ಇಕ್ಕಟ್ಟಾದ ವಸತಿಯಾಗಿತ್ತು. 1886 ರಲ್ಲಿ ಅನ್ನಾ ಎಂಬುವರನ್ನು ವಿವಾಹವಾದ ಗೆಡ್ಡೀಸರು ಮರುವರ್ಷವೇ ಪತ್ನಿಯೊಡನೆ ಅಲ್ಲಿಯ ಜೇಮ್ಸ್ ಕೋರ್ಟ್ ಎಂಬ ವಠಾರದಲ್ಲಿ ಸಂಸಾರ ಹೂಡಿದರು. ಉಪದೇಶ ಮಾಡಲಿಲ್ಲ, ತಾವೇ ಪೊರಕೆ ಹಿಡಿದರು, ಗೋಡೆಗೆ ಸುಣ್ಣ ಬಳಿದರು. ನೆರೆಯವರು ಒಬ್ಬೊಬ್ಬರಾಗಿ ಕೈಗೂಡಿಸಿದರು. 1892 ರಲ್ಲಿ ಅದೇ ಪೇಟೆಯಲ್ಲಿ ಔಟ್‌ಲುಕ್ ಟವರ್ ಎಂಬ ಗೋಪುರವನ್ನು ಕೊಂಡರು. ನೋಡಲು ಬಂದವರನ್ನು ಮೊದಲು ತುದಿಗೆ ಹತ್ತಿಸಿ ಊರನ್ನು ತೋರಿಸುವರು. ಆ ಬಳಿಕವೇ ಕೆಳಗಿನ ಅಂತಸ್ತುಗಳಲ್ಲಿ ದೇಶ, ಯುರೋಪು, ಜಗತ್ತು. ಬೇಸಗೆಯ ತರಗತಿಗಳಿಗೆ ಬಂದವರನ್ನು ಓಣಿಗಳಲ್ಲಿಯೂ ಬೆಟ್ಟಗಳಲ್ಲಿಯೂ ನಡೆಸಿಕೊಂಡು ಹೋಗಿ ಪಾಠ ಹೇಳುವರು.

1914 ರಲ್ಲಿ ನಮ್ಮ ದೇಶಕ್ಕೆ ಕರೆ ಬಂದಿತು. ಅವರ ನಗರ ಪ್ರದರ್ಶನದ ನಕ್ಷೆ ಚಿತ್ರಗಳನ್ನು ಹೊತ್ತ ಹಡಗನ್ನು ಜರ್ಮನರ ಎಂಡೆನ್ ನೌಕೆ ಮುಳುಗಿಸಿತು. ಮಿತ್ರರು ಹೊಸದಾಗಿ ಕೂಡಿಸಿಕೊಟ್ಟ ಸಾಮಗ್ರಿಯಿಂದ 1915 ರಲ್ಲಿ ಮದ್ರಾಸಿನಲ್ಲಿ ಪ್ರದರ್ಶನ ನಡೆಯಿತು. ಅನಂತರ ಅವರು ಊರೂರು ಅಲೆದರು. ಆಗ ಮದ್ರಾಸ್ ಆಧಿಪತ್ಯಕ್ಕೆ ಸೇರಿದ್ದ ನಮ್ಮ ಬಳ್ಳಾರಿಗೂ ಬಂದು ವರದಿ ಬರೆದರು. ಅಧಿಕಾರಿಗಳು ನಕ್ಷೆಯ ಮೇಲೆ ನೇರ ಗೆರೆ ಎಳೆದು ನೂರಾರು ಮನೆಗಳನ್ನು ಕೆಡವಲು ಹೊರಟಲ್ಲಿ, ಗೆಡ್ಡೀಸರು ಗಲ್ಲಿ ಗಲ್ಲಿ ನಡೆದು, ಪಾಳುಬಿದ್ದ ಕೆಲವನ್ನು ತೆಗೆದರೆ ಸಾಕೆಂದು ತೋರಿಸುತ್ತಿದ್ದರು. ಬಾವಿ, ಮರ, ಗುಡಿಕಟ್ಟೆ ಉಳಿಯುತ್ತಿದ್ದುವು.

1917 ರಲ್ಲಿ ಹಿರಿಯ ಮಗ ಫ್ರಾನ್ಸಿನ ರಣರಂಗದಲ್ಲಿ ಮಡಿದನು. ಕಾಯಿಲೆಯಿಂದ ಮಲಗಿದ್ದ ಪತ್ನಿಗೆ ಈ ಸುದ್ದಿಯನ್ನು ಗೆಡ್ಡೀಸರು ತಿಳಿಸಲಾರದೆ ಹೋದರು. ಆಕೆ ತಿಳಿಯದೆಯೇ ತೀರಿಕೊಂಡರು. ಆ ದುಃಖವನ್ನು ಹೊತ್ತುಕೊಂಡೇ ಅವರು ಇಂದೂರಿನಲ್ಲಿ ದುಡಿದರು.

ಇಂದೂರಿನಲ್ಲಿ ಪ್ಲೇಗು. ನಕ್ಷೆ ಹಿಡಿದು ಓಣಿಯಲ್ಲಿ ನಡೆಯುವ ಗಡ್ಡದ ಸಾಹೇಬನನ್ನು ಕಂಡು, ಮನೆ ಕೆಡವಲು ಬಂದವನೆಂದು ಜನ ಹೆದರಿ ಸರಿಯುತ್ತಿದ್ದರು. ಗೆಡ್ಡೀಸರು ಒಂದು ದಿನದ ಮಟ್ಟಿಗೆ ತಮ್ಮನ್ನು ಮಹಾರಾಜನನ್ನಾಗಿ ಮಾಡಬೇಕೆಂದು ಹೋಳ್ಕರ್ ದೊರೆಯನ್ನು ಬೇಡಿದರು! ದೀಪಾವಳಿಯ ಮೆರವಣಿಗೆ ಈ ಸಲ ಯಾವ ಬೀದಿಗಳಲ್ಲಿ ಹೆಚ್ಚು ಮನೆಗಳು ಶುಚಿಯಾಗಿ ದುರಸ್ತಾಗಿವೆಯೋ ಆ ಬೀದಿಗಳಲ್ಲೇ ಸಾಗುವುದೆಂದು ಡಂಗುರ ಸಾರಿಸಿದರು. ಜನ ಗುಡಿಸಿದರು, ಸಾರಿಸಿದರು, ಇಲಿಗಳನ್ನು ಹಿಡಿದರು. ಮೆರವಣಿಗೆಯಲ್ಲಿ ಕೊಳೆಯ ರಾಕ್ಷಸನೂ ಪ್ಲೇಗಿನ ಇಲಿಯೂ ಬಂದುವು. ಅವುಗಳ ಹಿಂದೆ ಹೊಸ ಬಟ್ಟೆ ಉಟ್ಟು, ಹೂಮಾಲೆ ಧರಿಸಿ, ಊರಿನ ಜಾಡಮಾಲಿಗಳು. ಯಾರನ್ನು ಊರು ದೂರವಿರಿಸಿತ್ತೋ ಅವರು ಅಂದು ಊರಿನ ನಡುಬೀದಿಯಲ್ಲಿ ಗೌರವದಿಂದ ನಡೆದರು. ಗೆಡ್ಡೀಸರು ಬರೆದ ಎಲ್ಲ ವರದಿಗಳಿಗಿಂತಲೂ ಈ ಒಂದು ದಿನ ನಮಗೆ ಹೆಚ್ಚಿನದಾಗಿ ತೋರುತ್ತದೆ.

1919 ರಲ್ಲಿ ಅವರು ಮುಂಬಯಿ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರದ ಪ್ರಥಮ ಪ್ರಾಧ್ಯಾಪಕರಾದರು. ಗಡ್ಡದೊಳಗೇ ಮಾತನಾಡುವ ಅವರ ಪಾಠ ಅನೇಕರಿಗೆ ಕೇಳಿಸುತ್ತಿರಲಿಲ್ಲವಂತೆ. ಅಧ್ಯಾಪಕರಾದ ನಮಗೆ ಇದು ಸಣ್ಣ ದೋಷವೆಂದು ತೋರದು. ಆರೋಗ್ಯ ಕೆಟ್ಟು 1924 ರಲ್ಲಿ ಫ್ರಾನ್ಸಿನ ಮಾಂಪೆಲಿಯೇ ನಗರಕ್ಕೆ ತೆರಳಿ, 1932 ರ ಏಪ್ರಿಲ್ 17 ರಂದು ಅಲ್ಲಿಯೇ ನಿಧನರಾದರು.

ಇಂದು ಅನೇಕ ದೇಶಗಳಲ್ಲಿ ಮೇ ತಿಂಗಳ ಮೊದಲ ವಾರಾಂತ್ಯದಲ್ಲಿ ನಿವಾಸಿಗಳೇ ವೇತನವಿಲ್ಲದೆ ಮುಂದಾಳಾಗಿ ತಮ್ಮ ಕೇರಿಯನ್ನು ಇತರರಿಗೆ ನಡೆದು ತೋರಿಸುವ ಪದ್ಧತಿಯುಂಟು. ಇದು 2007 ರಲ್ಲಿ ಟೊರಾಂಟೊದಲ್ಲಿ ಜೇನ್ ಜೇಕಬ್ಸ್ ಎಂಬ ಲೇಖಕಿಯ ಸ್ಮರಣೆಗಾಗಿ ಮೊದಲಾಯಿತು. ಆಕೆ ಗೆಡ್ಡೀಸರ ಕೆಲವು ವಿಚಾರಗಳನ್ನು ಖಂಡಿಸಿದವರು. ಆದರೂ ಇಬ್ಬರ ಕಾಲುಗಳು ಒಂದೇ ದಾರಿ ಹಿಡಿದುವು.

ಕಳೆದ ಚಳಿಗಾಲದ ಒಂದು ಭಾನುವಾರ ನಾವು ಒಂಬತ್ತನೆಯ ಇಯತ್ತೆಯ ಮಕ್ಕಳೊಡನೆ ಕೋಟೆ ವಿಭಾಗದಲ್ಲಿ ನಡೆದೆವು. ರಾಜಾಬಾಯಿ ಗೋಪುರವನ್ನು ನಾವು ತೋರಿಸಿದೆವು. ಅಲ್ಲಿಂದ ಮುಂದೆ ದಾರಿ ತೋರಿಸಿದವನು ಒಬ್ಬ ವಿದ್ಯಾರ್ಥಿ. ಅವನ ಅಜ್ಜ ಹಗಲು ಕಪ್ಪು ಬಸಿ ತೊಳೆದು ರಾತ್ರಿ ಶಾಲೆಗೆ ಹೋಗುತ್ತಿದ್ದ ಹೋಟೆಲು ಆ ಗಲ್ಲಿಯಲ್ಲಿತ್ತು. ತರಗತಿಯಲ್ಲಿ ಎಂದೂ ಬಾಯಿ ಬಿಡದ ಆ ಹುಡುಗ ಅಂದು ಅರ್ಧ ಗಂಟೆ ಮಾತನಾಡಿದನು.